ಮೊದಲು ಯಾರನ್ನು ನೋಡುವುದು

ಅತ್ತೆಯವರಿಗೆ ನಮಸ್ಕಾರ.

ನಾನು ನರ್ಸುಗಳ ಹಾಸ್ಟೆಲಿನಲ್ಲಿ ಗೆಳತಿಯ ಜೊತೆಗಿದ್ದೇನೆ. ಈ ಪತ್ರ ತಂದವಳು ಅವಳೇ. ತಲೆಗೆ ಹೊಲಿಗೆ ಹಾಕಿದ್ದಾರೆ, ಗಾಬರಿಯಾಗಬೇಡಿ.

ನೀವು ಮನೆಯಲ್ಲಿಲ್ಲದಾಗ ನಡೆದದ್ದನ್ನು ನಿಮ್ಮ ಮಗ ಬೇರೆ ರೀತಿ ಹೇಳಿರಬಹುದು. ನರ್ಸಿಂಗ್ ಲೈಸೆನ್ಸ್ ಪರೀಕ್ಷೆಯ ಮಾದರಿ ಈ ವರ್ಷ ಬದಲಾಗಿದೆ. ಬಾಯಿಪಾಠ ಸಾಲದು, ಇಬ್ಬರು ರೋಗಿಗಳಿದ್ದರೆ ಮೊದಲು ಯಾರನ್ನು ನೋಡುತ್ತೀರಿ ಎಂದು ಕೇಳುತ್ತಾರೆ. ಅದನ್ನೇ ಓದುತ್ತಿದ್ದೆ. “ಪಾಸಾಗಿ ನನ್ನ ತಲೆ ಮೇಲೆ ಕೂರ್ತೀಯಾ?” ಎನ್ನುತ್ತಾ ನಿಮ್ಮ ಮಗ ಜುಟ್ಟು ಹಿಡಿದು ನನ್ನ ತಲೆಯನ್ನು ಗೋಡೆಗೆ ಚಚ್ಚಿದರು. ಮತ್ತೆ ಗುದ್ದಲು ಬಂದಾಗ ನಾನು ಬಗ್ಗಿದೆ. ಗುದ್ದು ಕಿಟಕಿಯ ಗಾಜಿಗೆ ಬಿತ್ತು. ಅವರ ಮಣಿಕಟ್ಟಿನಿಂದ ರಕ್ತ ಚಿಮ್ಮಿತು.

“ಸಾಯ್ತೀನಿ ಕಣೇ, ಏನಾದ್ರೂ ಮಾಡೇ!” ಎಂದು ಅತ್ತರು.

ನನ್ನ ಹಣೆಯಿಂದ ರಕ್ತ ಇಳಿದು ಒಂದು ಕಣ್ಣು ಮುಚ್ಚಿಹೋಗಿತ್ತು. ಆದರೆ ಜೀವಕ್ಕೆ ಅಪಾಯವಿದ್ದದ್ದು ಅವರಿಗೆ. ಬಟ್ಟೆ ಒತ್ತಿ, ಆಂಬುಲೆನ್ಸ್ ಬರುವವರೆಗೂ ಕೈಯನ್ನು ಮೇಲೆತ್ತಿ ಹಿಡಿದಿದ್ದೆ. ಅದನ್ನು ಪ್ರೀತಿ ಎಂದುಕೊಳ್ಳಬೇಡಿ ಅತ್ತೆ. ರಕ್ತ ಯಾರದಾಗಿದ್ದರೂ ಹಾಗೆಯೇ ಹಿಡಿಯುತ್ತಿದ್ದೆ.

ಅವರ ಕೈಯ ಕಟ್ಟು ಒದ್ದೆಯಾಗದಂತೆ ನೋಡಿಕೊಳ್ಳಿ. ಬೆರಳು ನೀಲಿಯಾದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಸೋಮವಾರ ನನ್ನ ಪರೀಕ್ಷೆ. ಮಂಚದ ಕೆಳಗಿರುವ ಪುಸ್ತಕಗಳನ್ನು ದಯವಿಟ್ಟು ಒಂದು ಚೀಲಕ್ಕೆ ಹಾಕಿಡಿ.

ನನಗೆ ಹೊಲಿಗೆ ಹಾಕಿದ ಡಾಕ್ಟರು, “ಮತ್ತೆ ಜಾರಿ ಬಿದ್ರಾ?” ಎಂದು ಕೇಳಿದರು. ಈ ಸಲ ಇಲ್ಲವೆಂದೆ. ನಡೆದದ್ದನ್ನೆಲ್ಲ ಹೇಳಿದೆ.

ನಾಳೆ ಬೆಳಿಗ್ಗೆ ಪೊಲೀಸರ ಜೊತೆ ಬರುತ್ತೇನೆ. ಬಾಗಿಲು ನೀವೇ ತೆಗೆಯಿರಿ.

ಇಂತಿ,
ನಿಮ್ಮ ಸೊಸೆ