ಗುಲ್ಮ ಒಳಗೇ ಇದೆ, ಕೆಲಸ ಮಾಡುವುದಿಲ್ಲ

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ನನ್ನ ತಂಗಿಯ ಏಳು ಬೆರಳ ತುದಿಗಳು ಈಗ ಇಲ್ಲ. ನಿಮ್ಮ ಪ್ರಯೋಗಾಲಯ ಬರೆದುಕೊಟ್ಟ ಒಂದು ಸಾಲನ್ನು ನಿಮ್ಮದೇ ಹೊರರೋಗಿ ವಿಭಾಗ ಓದಿದ್ದರೆ ಅವು ಬಹುಶಃ ಇರುತ್ತಿದ್ದವು. ದೂರು ಇಷ್ಟೇ. ಇದನ್ನೇ ಮೂರು ಸಲ ನಿಮ್ಮ ಕಚೇರಿಗೆ ಬರೆದೆ. ಮೂರು ಸಲವೂ ‘ತಮ್ಮ ಪತ್ರ ತಲುಪಿದೆ, ಸಂಬಂಧಪಟ್ಟ ವಿಭಾಗಕ್ಕೆ ರವಾನಿಸಲಾಗಿದೆ’ ಎಂಬ ಉತ್ತರ ಬಂತು. ನಾನು ಇಪ್ಪತ್ತಾರು ವರ್ಷದಿಂದ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವಳು. ಪತ್ರ ತಲುಪುವುದಕ್ಕೂ ಅದನ್ನು ಯಾರಾದರೂ ಓದುವುದಕ್ಕೂ ಇರುವ ದೂರ ನನಗೆ ಗೊತ್ತು. ಅದಕ್ಕೇ ಈ ಸಲ ನಾಲ್ಕು ಜನರಿಗೆ ಕೇಳುವ ಹಾಗೆ ಬರೆಯುತ್ತಿದ್ದೇನೆ.

ತಂಗಿ ವಾಚು ರಿಪೇರಿ ಮಾಡುವವಳು. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಅವಳ ಅಂಗಡಿ. ಇಬ್ಬರು ಗಿರಾಕಿ ಒಟ್ಟಿಗೆ ಬಂದರೆ ಒಬ್ಬರು ಹೊರಗೆ ನಿಲ್ಲಬೇಕು. ಬೀದಿಯವರೆಲ್ಲ ಅವಳನ್ನು ವಾಚಮ್ಮ ಎಂದೇ ಕರೆಯುತ್ತಾರೆ. ಈ ಕೆಲಸವನ್ನು ಅಪ್ಪ ನಮ್ಮಿಬ್ಬರಿಗೂ ಕಲಿಸಲು ಕೂರಿಸಿದ್ದರು. ನಾನು ಒಮ್ಮೆ ಸೀನಿ, ಎಳ್ಳಿನಷ್ಟು ದೊಡ್ಡ ಹಲ್ಲುಚಕ್ರವೊಂದನ್ನು ಎಲ್ಲೋ ಹಾರಿಸಿಬಿಟ್ಟೆ. ನನ್ನ ವಿದ್ಯಾಭ್ಯಾಸ ಅಂದಿಗೆ ಮುಗಿಯಿತು. ಅವಳು ಮಾತ್ರ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮೂವತ್ತು ವರ್ಷ ಕೂತಳು. ಪಕ್ಕದಲ್ಲಿ ನಿಂತರೆ, ‘ಅಕ್ಕ, ಉಸಿರು ಬಿಡೋದಿದ್ರೆ ಆಚೆ ಹೋಗಿ ಬಿಟ್ಟು ಬಾ’ ಎನ್ನುತ್ತಿದ್ದಳು.

ಅವಳಿಗೆ ಗೋಧಿ ಒಗ್ಗದ ಕರುಳಿನ ಕಾಯಿಲೆ ಇದೆ. ಅದನ್ನು ಕಂಡುಹಿಡಿದದ್ದು ನಿಮ್ಮ ಆಸ್ಪತ್ರೆಯೇ, ಅದಕ್ಕೆ ಋಣಿ. ಗೋಧಿ ಬಿಡಿ ಎಂದರು, ಬಿಟ್ಟಳು. ಆದರೆ ಈ ಕಾಯಿಲೆ ಕೆಲವರಲ್ಲಿ ಗುಲ್ಮವನ್ನೂ ಕುಗ್ಗಿಸಿಬಿಡುತ್ತದೆ ಎಂದು ಯಾರೂ ಹೇಳಲಿಲ್ಲ. ಗುಲ್ಮವೆಂದರೆ ಎಡಪಕ್ಕೆಯ ಮರೆಯಲ್ಲಿ ಮುಷ್ಟಿಯಷ್ಟು ದೊಡ್ಡ ಅಂಗ. ಮುಪ್ಪಾದ ರಕ್ತಕಣಗಳನ್ನು ಸೋಸುತ್ತದೆ, ರಕ್ತಕ್ಕೆ ಇಳಿದ ಕೆಲವು ಜಾತಿಯ ರೋಗಾಣುಗಳನ್ನು ಹಿಡಿದು ಮುಗಿಸುತ್ತದೆ. ಅದು ಕೈಚೆಲ್ಲಿದವರಿಗೆ ಬೆಳಗಿನ ಜ್ವರ ಸಂಜೆಯೊಳಗೆ ಪ್ರಾಣಕ್ಕೆ ಬರಬಹುದು. ಇಷ್ಟನ್ನು ನಾನು ಕಲಿತದ್ದು ಐವತ್ತೆರಡನೆಯ ವಯಸ್ಸಿನಲ್ಲಿ, ನಿಮ್ಮ ತೀವ್ರ ನಿಗಾ ಘಟಕದ ಹೊರಗಿನ ಕಬ್ಬಿಣದ ಬೆಂಚಿನ ಮೇಲೆ.

ಅದಕ್ಕೂ ಎರಡು ವರ್ಷ ಹಿಂದೆ ಸುಸ್ತು ಎಂದು ಅವಳು ನಿಮ್ಮಲ್ಲಿಗೆ ಬಂದಿದ್ದಳು. ರಕ್ತ ಪರೀಕ್ಷೆಯಾಯಿತು. ವರದಿಯ ಕೊನೆಯಲ್ಲಿ, ಅಂಕಿಗಳೆಲ್ಲ ಮುಗಿದ ಮೇಲೆ, ಸೂಕ್ಷ್ಮದರ್ಶಕದ ಮುಂದೆ ಕೂತಿದ್ದ ಯಾರೋ ಪುಣ್ಯಾತ್ಮರು ಹೀಗೆ ಸೇರಿಸಿದ್ದರು: ‘ಕೆಲವು ಕೆಂಪು ಕಣಗಳಲ್ಲಿ ಹೋವೆಲ್-ಜಾಲಿ ಚುಕ್ಕೆಗಳು ಕಂಡಿವೆ. ಗುಲ್ಮದ ಕಾರ್ಯ ಕುಗ್ಗಿರಬಹುದು. ಪರಿಶೀಲಿಸುವುದು.’ ಗುಲ್ಮ ನೆಟ್ಟಗಿದ್ದರೆ ಆ ಚುಕ್ಕೆಗಳನ್ನು ಅದೇ ತೆಗೆದುಹಾಕಿರುತ್ತದಂತೆ. ನಿಮ್ಮ ವೈದ್ಯರು ಮೇಲಿನ ಎರಡು ಅಂಕಿ ನೋಡಿ, ‘ರಕ್ತ ಕಮ್ಮಿ ಇದೆ, ಕಬ್ಬಿಣದ ಮಾತ್ರೆ ತಗೊಳ್ಳಿ’ ಎಂದರು.

‘ಕೆಳಗೇನೋ ಬರ್ದಿದಾರಲ್ಲ ಡಾಕ್ಟ್ರೇ?’ ಎಂದು ತಂಗಿ ಕೇಳಿದಳಂತೆ.

‘ಲ್ಯಾಬಿನವರು ಏನಾದ್ರೂ ಬರೀತಾನೇ ಇರ್ತಾರಮ್ಮ.’

ನಿಜ, ಬರೆಯುತ್ತಲೇ ಇರುತ್ತಾರೆ. ಅದು ಅವರ ಕೆಲಸ. ಓದುವುದು ಯಾರ ಕೆಲಸ ಎಂಬುದಷ್ಟೇ ನನ್ನ ಪ್ರಶ್ನೆ. ಅಂದು ಓದಿದ್ದರೆ ಆಗಬೇಕಾಗಿದ್ದುದು ಮಹಾ ಸಾಹಸವೇನಲ್ಲ. ಗುಲ್ಮದ ಸ್ಥಿತಿ ನೋಡಲು ಒಂದು ಪರೀಕ್ಷೆ, ಮೂರು ಬಗೆಯ ರೋಗಾಣುಗಳ ವಿರುದ್ಧ ಲಸಿಕೆ, ವರ್ಷಕ್ಕೊಮ್ಮೆ ಶೀತಜ್ವರದ ಲಸಿಕೆ, ಮೈ ಬಿಸಿಯಾದ ಕೂಡಲೇ ನುಂಗಿ ಆಸ್ಪತ್ರೆಗೆ ಓಡಲು ಮನೆಯಲ್ಲಿ ಒಂದಷ್ಟು ಪ್ರತಿಜೀವಕ ಮಾತ್ರೆ, ಪರ್ಸಿನಲ್ಲಿ ಇಟ್ಟುಕೊಳ್ಳಲು ಒಂದು ಎಚ್ಚರಿಕೆಯ ಚೀಟಿ. ನಿಮ್ಮ ಗೋಡೆಗಳ ಮೇಲೆ ಕೈ ತೊಳೆಯುವ ಬಗೆಯನ್ನು ಏಳು ಚಿತ್ರಗಳಲ್ಲಿ ಅಂಟಿಸಿದ್ದೀರಿ. ಈ ಚೀಟಿಗೆ ಅಂಗೈಯಷ್ಟು ಕಾಗದ ಸಾಕಿತ್ತು.

ಕಳೆದ ವರ್ಷ ಒಂದು ಮಂಗಳವಾರ ಬೆಳಗ್ಗೆ ಒಂಬತ್ತೂವರೆಗೆ ಅಂಗಡಿಯಲ್ಲೇ ಅವಳಿಗೆ ನಡುಕ ಶುರುವಾಯಿತು. ಷಟರ್ ಎಳೆದು, ನನಗೆ ಫೋನ್ ಮಾಡಿ, ನಡೆದೇ ನಿಮ್ಮಲ್ಲಿಗೆ ಬಂದಳು. ನಾನು ವಿಂಗಡಣೆ ಮೇಜನ್ನು ಹಾಗೇ ಬಿಟ್ಟು ಓಡಿದೆ. ನೂರಾ ಹನ್ನೆರಡನೆಯ ಟೋಕನ್. ಎರಡೂವರೆ ಗಂಟೆ ಕಾದ ಮೇಲೆ ವೈದ್ಯರು ನಾಲಿಗೆ ನೋಡಿ, ‘ಎಲ್ಲಾ ಕಡೆ ಇದೇ ಜ್ವರ ಓಡಾಡ್ತಿದೆ. ಜ್ವರದ ಮಾತ್ರೆ ತಗೊಂಡು ಮೂರು ದಿನ ನೋಡಿ’ ಎಂದರು.

‘ಇವಳಿಗೆ ಕರುಳಿನ ಕಾಯಿಲೆ ಇದೆ ಸಾರ್’ ಎಂದೆ ನಾನು.

‘ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ.’

ನಾನು ತಲೆಯಾಡಿಸಿ ಎದ್ದು ಬಂದೆ. ಈ ಪತ್ರದಲ್ಲಿ ನಿಮ್ಮವರ ತಪ್ಪು ಎಣಿಸುತ್ತಿರುವ ನಾನು ಇದನ್ನೂ ಬರೆಯಬೇಕು: ಅಂದು ನಾನು ಜಗಳವಾಡಲಿಲ್ಲ. ಓದಿದವರು ಹೇಳಿದರಲ್ಲ ಎಂದು ನಂಬಿದೆ. ಮನೆಗೆ ಕರೆತಂದು ಹೊದಿಸಿ ಮಲಗಿಸಿದೆ.

ಮಧ್ಯಾಹ್ನ ಮೂರಕ್ಕೆ ಅವಳು, ‘ಅಕ್ಕ, ಟೈಮ್ ಎಷ್ಟು?’ ಎಂದಳು. ಹೇಳಿದೆ. ಎರಡು ನಿಮಿಷ ಬಿಟ್ಟು ಮತ್ತೆ ಅದನ್ನೇ ಕೇಳಿದಳು. ಮೂರನೆಯ ಸಲವೂ ಅದನ್ನೇ ಕೇಳಿದಾಗ ಎದ್ದು ಹತ್ತಿರ ಹೋದೆ. ಹೊದಿಕೆ ಸರಿಸಿದರೆ ಕಾಲ ತುಂಬ ನೇರಳೆ ಬಣ್ಣದ ಕಲೆ, ತುಟಿ ನೀಲಿ. ಆಂಬ್ಯುಲೆನ್ಸಿನಲ್ಲಿ ಅವಳ ಕೈ ಹಿಡಿದುಕೊಂಡಿದ್ದೆ. ಮೈಯೆಲ್ಲ ಸುಡುತ್ತಿದ್ದರೂ ಬೆರಳುಗಳು ಮಾತ್ರ ತಣ್ಣಗಿದ್ದವು.

ಹತ್ತೊಂಬತ್ತು ದಿನ ನಿಗಾ ಘಟಕದಲ್ಲಿದ್ದಳು. ಅಲ್ಲಿನ ಹಿರಿಯ ವೈದ್ಯೆಯೊಬ್ಬರು ಹಳೆಯ ಕಾಗದಗಳನ್ನೆಲ್ಲ ತರಲು ಹೇಳಿದರು. ನಿಂತೇ ಓದಿದರು, ಕೊನೆಯ ಸಾಲಿನವರೆಗೂ. ಆಮೇಲೆ ಕನ್ನಡಕ ತೆಗೆದು, ‘ಇದನ್ನ ಯಾರೂ ನಿಮಗೆ ಹೇಳ್ಲಿಲ್ವಾ?’ ಎಂದು ಮೆಲ್ಲಗೆ ಕೇಳಿದರು. ನನಗೆ ಗುಲ್ಮದ ಪಾಠ ಮಾಡಿದವರು ಅವರೇ. ಅವರು ತಂಗಿಯ ಜೀವ ಉಳಿಸಿದರು. ಏಳು ಬೆರಳ ತುದಿಗಳನ್ನು ಉಳಿಸಲಾಗಲಿಲ್ಲ, ಕಪ್ಪಗಾದವು, ಒಣಗಿದವು, ಕತ್ತರಿಸಿದರು. ಅವರನ್ನು ನೀವು ಬೇರೆಡೆಗೆ ವರ್ಗ ಮಾಡಿದಿರಿ. ಓದುವ ಅಭ್ಯಾಸ ಇದ್ದವರು ಅಲ್ಲಿಯೂ ಬೇಕಿತ್ತೇನೋ.

ಬಿಡುಗಡೆಯ ಕಾಗದದಲ್ಲಿ ‘ರಕ್ತದ ಸೋಂಕು. ಗುಣವಾಗಿದೆ’ ಎಂದಿತ್ತು. ಗುಲ್ಮದ ಸುದ್ದಿಯೇ ಇಲ್ಲ. ಲಸಿಕೆಯ ಕಿಟಕಿಗೆ ಹೋದರೆ, ‘ಇದು ಮಕ್ಕಳಿಗೆ ಕೊಡೋದು, ದೊಡ್ಡವರಿಗಾದ್ರೆ ಬರೆಸ್ಕೊಂಡು ಬನ್ನಿ’ ಎಂದರು. ಹೊರರೋಗಿ ವಿಭಾಗದವರು ರಕ್ತತಜ್ಞರು ಬರೆಯಬೇಕೆಂದರು. ರಕ್ತತಜ್ಞರು ಎರಡನೆಯ ಮತ್ತು ನಾಲ್ಕನೆಯ ಗುರುವಾರ ಮಾತ್ರ ಬರುತ್ತಾರೆ. ಆ ಗುರುವಾರಗಳಲ್ಲಿ ರಜೆಯಲ್ಲಿರುತ್ತಾರೆ. ನಾಲ್ಕು ತಿಂಗಳು ಅಲೆದು ಮೂರರಲ್ಲಿ ಎರಡು ಲಸಿಕೆ ಹಾಕಿಸಿದೆ. ಮೂರನೆಯದು ದಾಸ್ತಾನಿನಲ್ಲಿ ಇಲ್ಲ.

ತಂಗಿ ಈಗಲೂ ಅಂಗಡಿ ತೆರೆಯುತ್ತಾಳೆ. ಚಿಮಟ ಜಾರುತ್ತದೆ. ವಾಚಿನ ಬೆಲ್ಟ್ ಬದಲಿಸುವುದಷ್ಟೇ ಅವಳಿಂದ ಆಗುತ್ತದೆ. ಒಳಗಿನ ಕೆಲಸವಿದ್ದರೆ ಬೇರೆಯವರ ವಿಳಾಸ ಹೇಳಿ ಕಳಿಸುತ್ತಾಳೆ. ‘ನಿನಗೆ ಸಿಟ್ಟೇ ಬರಲ್ವೇನೇ?’ ಎಂದು ಒಂದು ದಿನ ಕೇಳಿದೆ. ‘ಯಾರ ಮೇಲೆ ಮಾಡ್ಕೊಳ್ಲಿ ಅಕ್ಕ? ಅವರ ಮುಂದೆನೂ ನೂರು ಜನ ಕೂತಿರ್ತಾರೆ’ ಎಂದಳು. ಅವಳ ಪಾಲಿನ ಸಿಟ್ಟೂ ನನ್ನ ತಲೆಗೇ ಬಿದ್ದಿದೆ. ಅದನ್ನು ಎಲ್ಲಿ ಇಳಿಸಬೇಕೆಂದು ನನಗೂ ತೋಚುತ್ತಿಲ್ಲ.

ಕಳೆದ ತಿಂಗಳು ಅವಳಿಗೆ ಮತ್ತೆ ಮೈ ಬೆಚ್ಚಗಾಯಿತು. ಹಿರಿಯ ವೈದ್ಯೆ ಕೊಟ್ಟುಹೋಗಿದ್ದ ಮಾತ್ರೆ ನುಂಗಿಸಿ, ಅರ್ಧ ಗಂಟೆಯೊಳಗೆ ನಿಮ್ಮ ತುರ್ತು ವಿಭಾಗದ ಕಿಟಕಿಯಲ್ಲಿ ನಿಂತಿದ್ದೆ.

‘ಇವಳ ಗುಲ್ಮ ಕೆಲಸ ಮಾಡಲ್ಲ. ಜ್ವರ ಬಂದಿದೆ. ಈಗ್ಲೇ ನೋಡ್ಬೇಕು.’

‘ಏನು ಕೆಲಸ ಮಾಡಲ್ಲ?’

‘ಗುಲ್ಮ. ಸ್ಪ್ಲೀನ್.’

‘ಆಪರೇಷನ್ ಮಾಡಿ ತೆಗ್ದಿದಾರಾ?’

‘ಇಲ್ಲ, ಒಳಗೇ ಇದೆ.’

‘ಇದ್ಮೇಲೆ ಇನ್ನೇನಮ್ಮ, ಕೂತ್ಕೊಳ್ಳಿ, ಕರೀತಾರೆ.’

ತನ್ನ ಜಾಗದಲ್ಲಿ ಭದ್ರವಾಗಿ ಕೂತಿದ್ದೂ ಕೆಲಸ ಮಾಡದಿರುವುದು ಸಾಧ್ಯ ಎಂಬುದನ್ನು ಒಂದು ಆಸ್ಪತ್ರೆಗೆ ನಾನು ಬಿಡಿಸಿ ಹೇಳಬೇಕೇ, ಅಧೀಕ್ಷಕರೇ? ತಂಗಿಯ ಎರಡೂ ಕೈಗಳನ್ನು ಎತ್ತಿ ಕಿಟಕಿಗೆ ಹಿಡಿದೆ. ಒಳಗಿದ್ದಾತ ಒಂದು ಕ್ಷಣ ನೋಡಿ, ಮುಖ ತಿರುಗಿಸಿ, ಟೋಕನ್ ತಳ್ಳಿದ. ನಾಲ್ಕು ಗಂಟೆ ಕಾದೆವು. ಅಂದು ಬರೀ ನೆಗಡಿ, ತಾನಾಗಿ ಇಳಿಯಿತು. ಆ ನಾಲ್ಕು ಗಂಟೆಯೂ ನಾನು ಅವಳ ಕಾಲಿನ ಚರ್ಮ ನೋಡುತ್ತಲೇ ಇದ್ದೆ.

ಯಾರನ್ನೂ ಅಮಾನತು ಮಾಡಿ ಎನ್ನುವುದಿಲ್ಲ. ಪರಿಹಾರವೂ ಬೇಡ, ಬೆರಳು ಕೊಡಲು ನಿಮ್ಮಿಂದಾಗದು. ಕರುಳಿನ ಈ ಕಾಯಿಲೆಯವರ, ಗುಲ್ಮ ತೆಗೆಸಿಕೊಂಡವರ, ವರದಿಯಲ್ಲಿ ಆ ಚುಕ್ಕೆ ಕಂಡವರ ಕಡತದ ಮೇಲೆ ಕೆಂಪು ಅಕ್ಷರದಲ್ಲಿ ಅದನ್ನು ಬರೆಸಿ. ಅವರಿಗೆ ಲಸಿಕೆ, ಮಾತ್ರೆ, ಚೀಟಿ ಅಲೆದಾಟವಿಲ್ಲದೆ ಸಿಗಲಿ. ಇಷ್ಟಕ್ಕೂ ಸಮಿತಿ, ಸಭೆ, ಸುತ್ತೋಲೆ ಬೇಕು, ವರ್ಷಗಳು ಹಿಡಿಯುತ್ತವೆ ಎನ್ನುತ್ತೀರಿ, ಗೊತ್ತು. ತಂಗಿಗೆ ಮುಂದಿನ ಜ್ವರ ಅಷ್ಟು ದಿನ ಕಾಯುವುದಿಲ್ಲ. ಆದ್ದರಿಂದ ಸದ್ಯಕ್ಕೆ ಒಂದೇ ಒಂದು ಉಪಕಾರ ಮಾಡಿ. ಆ ಕಿಟಕಿಯಲ್ಲಿ ನಿಂತು ಯಾವ ಮಾತು ಹೇಳಿದರೆ ಒಳಗಿರುವವರು ಕುರ್ಚಿ ಬಿಟ್ಟು ಏಳುತ್ತಾರೋ, ಆ ಮಾತನ್ನು ನನಗೆ ಬರೆದು ಕಳಿಸಿ. ಬಾಯಿಪಾಠ ಮಾಡಿಕೊಳ್ಳುತ್ತೇನೆ.

ಇಂತಿ,
ದಿನಾ ಬೆಳಗ್ಗೆ ತಂಗಿಯ ಹಣೆ ಮುಟ್ಟಿ ನೋಡಿ ಕೆಲಸಕ್ಕೆ ಹೊರಡುವ,
ಅದಕ್ಕಿಂತ ಹೆಚ್ಚೇನೂ ಕೈಲಾಗದ
ಒಬ್ಬ ಅಕ್ಕ