ಹಾಸ್ಟೆಲ್ಲಿನ ನಡುಗೋಡೆ

ಕೃಷ್ಣಗಿರಿ
11-3-1979

ಅಣ್ಣನಿಗೆ ಮುನಿರತ್ನಳ ನಮಸ್ಕಾರ.

ನಮ್ಮ ಹಾಸ್ಟೆಲ್ ಮೊದಲು ಹುಣಸೆಹಣ್ಣಿನ ಮಂಡಿಯಾಗಿತ್ತು. ಕೋಣೆಗಳಿಲ್ಲ, ಉದ್ದನೆಯ ಒಂದೇ ಪಡಸಾಲೆಯಲ್ಲಿ ಎಲ್ಲರೂ ಚಾಪೆ ಹಾಸಿ ಮಲಗುತ್ತೇವೆ. ಕಿಟಕಿಗಳೆಲ್ಲ ಬೀದಿಯ ಕಡೆಗೇ ಇವೆ. ನಿನ್ನೆ ನಾವು ತರಗತಿಯಿಂದ ಬರುವಷ್ಟರಲ್ಲಿ ವಾರ್ಡನ್ ಪಡಸಾಲೆಯ ನಡುವೆ ಉದ್ದಕ್ಕೂ ಸೊಂಟದೆತ್ತರದ ಇಟ್ಟಿಗೆ ಗೋಡೆ ಕಟ್ಟಿಸಿದ್ದರು. "ಫೀಸು ಕಟ್ಟೋರು ಕಿಟಕಿ ಕಡೆ, ಸರ್ಕಾರದ ಅನ್ನ ತಿನ್ನೋರು ಆ ಕಡೆ" ಎಂದರು. ಸ್ಕಾಲರ್‌ಶಿಪ್ಪಿನಲ್ಲಿ ಓದುವ ನಮಗೆ ಮಲಗಿದಾಗ ಗಾಳಿಯೂ ಬೇಡವಂತೆ. ಚಾಪೆ ಎತ್ತಿಕೊಂಡು ಹೋಗುವಾಗ ನನಗೆ ಮೈಯೆಲ್ಲ ಉರಿಯಿತು.

ನನ್ನ ಪಕ್ಕ ಮಲಗುತ್ತಿದ್ದ ತೊರಪಲ್ಲಿಯ ವೇದವತಿ ಫೀಸು ಕಟ್ಟುವವಳು. ಅವಳು ಗೋಡೆ ಮುಟ್ಟಿ ನೋಡಿ, "ಇನ್ನೂ ಹಸಿ ಇದೆ ಕಣೇ, ತಳ್ಳೋಣವಾ?" ಎಂದಳು.

"ತಳ್ಳು, ನಾನೂ ಬತ್ತೀನಿ" ಅಂದೆ.

ನಾವಿಬ್ಬರು ಶುರು ಮಾಡಿದ್ದಷ್ಟೇ, ಎರಡೂ ಕಡೆಯ ಹುಡುಗಿಯರು ಬಂದು ಕೈ ಹಾಕಿದರು. ಊಟದ ಗಂಟೆ ಹೊಡೆಯುವ ಮೊದಲೇ ಗೋಡೆ ನೆಲಕ್ಕೆ ಬಿತ್ತು. ಯಾರ ಕೆಲಸ ಎಂದು ವಾರ್ಡನ್ ಕೇಳಿದಾಗ ಎಲ್ಲರೂ ಎದ್ದು ನಿಂತೆವು. ಆದರೂ ಮನೆಯವರನ್ನು ಕರೆಸಿ, ಇಲ್ಲವೇ ಹಾಸ್ಟೆಲ್ ಬಿಡಿ ಎಂದು ಹೇಳಿದ್ದು ಸ್ಕಾಲರ್‌ಶಿಪ್ಪಿನವರಿಗೆ ಮಾತ್ರ. ಮೊದಲು ತಳ್ಳಿದವಳು ತಾನೇ ಎಂದು ವೇದವತಿ ಎಷ್ಟು ಹೇಳಿದರೂ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಇಟ್ಟಿಗೆ ಬಿದ್ದು ಕಾಲ್ಬೆರಳು ಊದಿದೆ. ಅರಿಶಿನ ಹಚ್ಚಿದ್ದೇನೆ, ಅಮ್ಮನಿಗೆ ಹೇಳಬೇಡ. ಗುರುವಾರ ಫ್ಯಾಕ್ಟರಿಗೆ ರಜೆ ಹಾಕಿ ಬಾ. ಅಪ್ಪನನ್ನು ಕಳಿಸಬೇಡ, ಅವರು ಬಾಗಿಲಲ್ಲೇ ಕೈ ಮುಗಿದುಬಿಡುತ್ತಾರೆ. ನೀನೇ ಬಾ, ಕ್ಷಮೆ ಮಾತ್ರ ಕೇಳಬೇಡ.

ನಿನ್ನ ತಂಗಿ
ಮುನಿರತ್ನ