ಪಳನಿಗೆ ಯಾರೂ ಹೇಳದ ಮಾತು

೨೯ ಮೇ ೧೯೧೨, ಬುಧವಾರ

ಎತ್ತಿಗೆ ನೀರು ಕುಡಿಸಿದ್ದಾಯಿತು. ತೋಟದಲ್ಲಿ ಎರಡು ತೆಂಗಿನ ಸಸಿಗೆ ಗೆದ್ದಲು. ಹುಬ್ಬಳ್ಳಿ ಗಾಡಿ ಇವತ್ತೂ ಲೇಟು — ಸೀಟಿ ಕೇಳಿದಾಗ ನನ್ನಾಕೆ ಪಾಪಮ್ಮ ಮುದ್ದೆ ತೊಳಸುತ್ತಿದ್ದಳು. ಅಜ್ಜಂಪುರ ಸ್ಟೇಷನ್ನಿನ ಗೂಡ್ಸ್ ಷೆಡ್ಡಿನ ಗುಮಾಸ್ತಿಕೆ ಬಿಟ್ಟು ಊರು ಸೇರಿದರೂ ಕಿವಿ ಇನ್ನೂ ಡ್ಯೂಟಿಯಲ್ಲೇ ಇದೆ. ಡೈರಿ ಬರೆಯುವ ಚಟವೂ ಹಾಗೆಯೇ.

ಮಧ್ಯಾಹ್ನ ಪಳನಿ ಬಂದ, ಜೊತೆಗೆ ಹೆಂಡತಿ ಅಂಬಮ್ಮ. ಸೇಲಂ ಕಡೆಯವರು. ರೈಲು ಗ್ಯಾಂಗಿನ ಕೂಲಿಗೆ ಬಂದವರು. ಕೆಲಸ ಮುಗಿದು ಗ್ಯಾಂಗು ಹೋಯಿತು, ಇವರು ಉಳಿದರು. ಪಟೇಲ ಚನ್ನಬಸಪ್ಪನ ಬೀಳು ಹೊಲ ವಾರಕ್ಕೆ ಹಿಡಿದಿದ್ದಾರೆ, ಬೆಳೆಯಲ್ಲಿ ಪಾಲು ಕೊಡುವ ಕರಾರು. ಷರತ್ತು ಒಂದೇ. ಈ ಮುಂಗಾರಿಗೆ ಬಿತ್ತಬೇಕು, ಬಿತ್ತದಿದ್ದರೆ ಹೊಲ ಬಿಡಬೇಕು. ಬೇಸಗೆಯೆಲ್ಲ ಇಬ್ಬರೂ ಮುಳ್ಳಿನ ಬೇರು ಕಿತ್ತರು. ನಾಯಿಯೂ ನುಗ್ಗದಿದ್ದ ಜಾಗ ಈಗ ಕಣ್ಣಿಗೆ ಹಬ್ಬ.

ಹೊಸಬರು ಅಂದರೆ ನಮ್ಮೂರವರಿಗೆ ಬುದ್ಧಿ ಹೇಳುವ ತೀಟೆ. ಅರವ ಮಾತು, ಅಂದರೆ ಅವರ ತಮಿಳು, ಬರುವವನು ನಾನೊಬ್ಬನೇ, ಷೆಡ್ಡಿನಲ್ಲಿ ಹಮಾಲರ ಜೊತೆ ಕಲಿತದ್ದು. ಹಾಗಾಗಿ ಎಲ್ಲರ ಬುದ್ಧಿಯೂ ನನ್ನ ಬಾಯಿಂದಲೇ ಹೋಗಬೇಕು. ಜಗಲಿ ತುಂಬ ಜನ.

ಪಾಪಮ್ಮನ ತಮ್ಮ ರಂಗಪ್ಪ ಶುರು ಮಾಡಿದ. "ಬಾವ, ಅವ್ನಿಗೆ ಹೇಳು, ಪಟೇಲ್ರು ಎದುರಿಗೆ ಬಂದ್ರೆ ರುಮಾಲು ತೆಗೀಬೇಕು ಅಂತ. ಕಾವಲಿನ ಅಮೃತಮಹಲ್ ದನ ಹೊಲಕ್ಕೆ ನುಗ್ಗಿದ್ರೂ ಕೋಲೆತ್ತಂಗಿಲ್ಲ, ಬಾಯಲ್ಲೇ ಓಡಿಸ್ಬೇಕು. ಅದು ಮಹಾರಾಜ್ರ ದನ ಕಣೋ!"

ಮುದುಕಿ ಕೆಂಚಮ್ಮ: "ಸಂಜೆ ದೀಪ ಹಚ್ಚಿದ್ ಮ್ಯಾಲೆ ಯಾರ್ಗೂ ಉಪ್ಪು ಕೇಳ್ಬ್ಯಾಡ ಅನ್ನು ಆ ಹುಡ್ಗಿಗೆ. ಬಾವಿತಾವ ಮುಂದ್ಕೆ ನುಗ್ಗಬ್ಯಾಡ, ಕಡೇಲಿ ನಿಂತ್ಕೋ ಅನ್ನು. ಮುದ್ದೆ ಅಗೀಬ್ಯಾಡ, ನುಂಗು ಅನ್ನು."

ಎಲ್ಲ ಹೇಳಿದೆ. ಗಂಟಲು ಒಣಗಿತು. ಮುದ್ದೆ ನುಂಗುವುದನ್ನೂ ಅರವದಲ್ಲಿ ಹೇಳಿದೆ. ಪಳನಿ ಪ್ರತಿಯೊಂದಕ್ಕೂ ಕೈ ಮುಗಿದ. ಅಂಬಮ್ಮ ಮಾತ್ರ ತುಟಿ ಆಡಿಸುತ್ತಿದ್ದಳು, ಬಾಯಿಪಾಠ ಮಾಡುವವಳ ಹಾಗೆ. ಇಷ್ಟೊಂದು ಉಪದೇಶ ಕೇಳಿಯೂ ಅವರು ಎದ್ದು ಓಡಲಿಲ್ಲವಲ್ಲ, ದೊಡ್ಡದು.

೨ ಜೂನ್, ಭಾನುವಾರ, ಸಂಜೆ

ಮಳೆ! ನಿನ್ನೆ ರಾತ್ರಿಯಿಂದ ಬೆಳಗಿನವರೆಗೆ. ಕೆರೆಯಂಗಳಕ್ಕೆ ಕೆಂಪು ನೀರು ಬಂದಿದೆ. ಮಧ್ಯಾಹ್ನ ಬಿಸಿಲು ಬಿದ್ದು ನೆಲ ಹಿಡಿಯಲ್ಲಿ ಉಂಡೆಯಾಗುವ ಹದ.

ಪಳನಿ ಓಡಿ ಬಂದು ಒಂದು ಹಿಡಿ ಮಣ್ಣು ತೋರಿಸಿದ. ಇಷ್ಟು ಸಾಕೇ ಅಂದ. ಸಾಕು, ಹದ ಬಿಡಬೇಡ, ತಪ್ಪಿದರೆ ಹೊಲ ತಪ್ಪಿದಂತೆ ಅಂದೆ. ಗ್ಯಾಂಗಿನ ಕೂಲಿಯಲ್ಲಿ ಹೊಟ್ಟೆ ಕಟ್ಟಿ ಕೊಂಡ ಜೋಡಿ ಎತ್ತು ಅವನದು. ಅವುಗಳ ಕೊಂಬಿಗೆ ಎಣ್ಣೆ ಹಚ್ಚುತ್ತೇನೆಂದು ಕುಣಿಯುತ್ತಾ ಹೋದ.

ನಾವೂ ನಾಡಿದ್ದು ಹೂಡಬೇಕು. ನೊಗದ ಹಗ್ಗ ನೋಡಿಕೊಳ್ಳಬೇಕು.

೩ ಜೂನ್, ಸೋಮವಾರ

 ಮಸಿ ಚೆಲ್ಲಿದೆ. ಚೆಲ್ಲಲಿ.

ಬೆಳಿಗ್ಗೆ ಹಲ್ಲುಜ್ಜುತ್ತಿದ್ದೆ. ಊರ ಹೊರಗೆ ಗಲಾಟೆ. ಹೋಗಿ ನೋಡಿದರೆ ಪಳನಿಯ ಹೊಲದ ಬದುವಿನ ಮೇಲೆ ಅರ್ಧ ಊರು. ನೇಗಿಲು ಬಿದ್ದಿದೆ. ಪಟೇಲನ ಆಳುಗಳು ಎತ್ತು ಬಿಚ್ಚಿ ಎಳೆಯುತ್ತಿದ್ದಾರೆ. ಪಳನಿಯ ರುಮಾಲು ಕೆಸರಿನಲ್ಲಿ, ತುಟಿ ಒಡೆದು ರಕ್ತ.

ಸೋಮವಾರ ಎತ್ತು ಹೂಡಿದ್ದಾನೆ!

ಸೋಮವಾರ ಬಸವಣ್ಣನ ದಿನ. ಈ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ನಮ್ಮಪ್ಪ ಇಟ್ಟಿಲ್ಲ, ಅವರಪ್ಪ ಇಟ್ಟಿಲ್ಲ. ಇದನ್ನು ಒಬ್ಬರು ಒಬ್ಬರಿಗೆ ಹೇಳಿಕೊಟ್ಟದ್ದನ್ನು ನಾನು ಕೇಳಿಯೇ ಇಲ್ಲ. ಉಸಿರಾಡು ಅಂತ ಯಾರಾದರೂ ಯಾರಿಗಾದರೂ ಹೇಳುತ್ತಾರೆಯೇ? ಸಂಜೆ ಉಪ್ಪು ಕೇಳಬಾರದು ಅಂತ ಹೇಳಿದೆವು. ಮುದ್ದೆ ನುಂಗು ಅಂತ ಹೇಳಿದೆವು. ಇದನ್ನು ಹೇಳಲಿಲ್ಲ. ಅಷ್ಟು ಜನರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಹದ ಬಿಡಬೇಡ ಅಂದವನು ನಾನೇ. ಹೂಡುವುದು ನಾಡಿದ್ದು ಅಂತ ನನ್ನ ಡೈರಿಯಲ್ಲಿ ಬರೆದುಕೊಂಡವನೂ ನಾನೇ. ಅವನಿಗೆ ಹೇಳಬೇಕು ಅನ್ನಿಸಲಿಲ್ಲವಲ್ಲ ಈ ತಲೆಗೆ!

ಅಂಬಮ್ಮ ನನ್ನ ಕಾಲ ಹತ್ತಿರ ಕುಸಿದಳು. ಏನು ತಪ್ಪು ಮಾಡಿದೆವು, ಹೇಳಿ, ಅಂದಳು. ಹೇಳಿದೆ. ಅವಳು ಅಳುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ನಮ್ಮ ಊರಲ್ಲಿ ಪೊಂಗಲ್ ಮಾರನೆಯ ದಿನ ಎತ್ತಿಗೆ ಬಿಡುವು. ಸೋಮವಾರ ಅಂತ ನಮಗೇನು ಗೊತ್ತು? ಅಷ್ಟೆಲ್ಲ ಹೇಳಿದಿರಲ್ಲ ಅಯ್ಯಾ, ಇದೊಂದನ್ನು ಏಕೆ ಹೇಳಲಿಲ್ಲ?"

ಪಳನಿಯ ರುಮಾಲನ್ನು ಕೆಸರಿನಿಂದ ಎತ್ತಿ ಅವಳ ಕೈಗೆ ಕೊಟ್ಟೆ.

ಇನ್ನೊಂದು ವಿಷಯ ಸಂಜೆ ತಿಳಿಯಿತು. ಬೆಳಕು ಹರಿಯುವಾಗ ಪಳನಿ ಎತ್ತು ಹೊಡೆದುಕೊಂಡು ಹೋಗುವುದನ್ನು ರಂಗಪ್ಪ ಕಂಡಿದ್ದಾನೆ. ಹೆಗಲ ಮೇಲೆ ನೇಗಿಲು ಕಂಡಿದ್ದಾನೆ. ಮನೆಗೆ ಕರೆದು ಕೇಳಿದೆ.

"ಕಂಡೆ. ಕಂಡ್ರೇನು ಈಗ?"

"ಒಂದ್ ಮಾತು ಹೇಳಕ್ಕಾಗ್ಲಿಲ್ವೇನೋ? ಇವತ್ತು ಸೋಮವಾರ ಅಂತ ಕೈಸನ್ನೆ ಮಾಡಿದ್ರೂ ಸಾಕಾಗಿತ್ತು."

"ನಂಗೆ ಅರವ ಬರಲ್ಲ ಬಾವ."

"ಪಟೇಲನ ಮನೆಗೆ ಓಡಕ್ಕೆ ಕಾಲು ಬಂತಲ್ಲ!"

ಮುಖ ತಿರುಗಿಸಿಕೊಂಡು ಹೋದ. ಹಸನಾದ ಹೊಲದ ಮೇಲೆ ಪಟೇಲನ ಕಣ್ಣು ಬಿದ್ದಿದೆ, ರಂಗಪ್ಪನಿಗೆ ಅದನ್ನೇ ವಾರಕ್ಕೆ ಹಿಡಿಯುವ ಆಸೆ. ಇದು ಊರಿಗೆಲ್ಲ ಗೊತ್ತು. ಕಳ್ಳ. ಬೆಂಕಿ ಬೀಳಲಿ ಇವನ ಭಕ್ತಿಗೆ.

೪ ಜೂನ್, ಮಂಗಳವಾರ

ಚಾವಡಿಯಲ್ಲಿ ನ್ಯಾಯ. ನ್ಯಾಯವಂತೆ!

ಚನ್ನಬಸಪ್ಪ ಕಂಬಕ್ಕೆ ಒರಗಿ ಕುಳಿತು ಹೇಳಿದ. ಅಮಾವಾಸ್ಯೆ ಕಳೆಯುವ ತನಕ ಎತ್ತು ತನ್ನ ಕೊಟ್ಟಿಗೆಯಲ್ಲಿ. ಅಲ್ಲಿಯವರೆಗೆ ಪಳನಿಯ ಮನೆಗೆ ಊರ ಬೆಂಕಿ ಇಲ್ಲ, ನೀರಿಲ್ಲ, ಅಂಗಡಿ ಇಲ್ಲ. ಆ ಹೊಲದ ಬದುವಿನೊಳಗೆ ಬೇರೆ ಯಾರ ಎತ್ತು ಕಾಲಿಟ್ಟರೂ ಅದನ್ನೂ ಹಿಡಿದು ಕಟ್ಟುವುದು.

ನಾನು ಎದ್ದೆ. "ಅಮಾಸೆ ಹೊತ್ಗೆ ಹದ ಇರುತ್ತೇನ್ರಿ ಪಟೇಲ್ರೇ? ಬಿತ್ತದೇ ಇದ್ರೆ ಹೊಲ ನಿಮ್ದಾಯ್ತದೆ. ಗೊತ್ತಿಲ್ದೆ ಮಾಡ್ದೋನಿಗೆ ಇದು ಶಿಕ್ಷೇನೋ, ಹೊಲ ಕಿತ್ಕೊಳ್ಳೋ ಉಪಾಯಾನೋ?"

"ಹನುಮಂತಪ್ಪ, ರೈಲಲ್ಲಿ ಕೂತು ಕೂತು ನಿಂಗೆ ಬಸವಣ್ಣ ಮರ್ತ್ಹೋಗಿದಾನೆ" ಅಂದ. ಜನ ನಕ್ಕರು. ನನ್ನ ಜಗಲಿಯಲ್ಲಿ ಕುಳಿತು ಬುದ್ಧಿ ಹೇಳಿದ ಅದೇ ಜನ. ಮೈ ಉರಿಯಿತು. ಒಬ್ಬನಾದರೂ, ನಾವು ಹೇಳಬೇಕಿತ್ತು ಕಣ್ರೋ, ಅನ್ನಬಾರದೇ?

ಮನೆಯಲ್ಲಿ ಪಾಪಮ್ಮನದು ಬೇರೆ ರಾಗ. "ನಮ್ ಎತ್ತು ಕೊಡ್ತೀನಿ ಅಂತ ಮಾತ್ರ ಹೊರಡ್ಬೇಡಿ. ದೇವ್ರ ಕೆಲ್ಸದಲ್ಲಿ ಕೈ ಹಾಕ್ಬೇಡಿ" ಅಂದಳು. ತಮ್ಮನ ಪರವೇ ಅಂತ ಕೇಳಿದೆ. ಚೊಂಬು ಕುಕ್ಕಿ ಒಳಗೆ ಹೋದಳು. ನಾನೂ ಉಣ್ಣಲಿಲ್ಲ.

೬ ಜೂನ್, ಗುರುವಾರ

ತರೀಕೆರೆಗೆ ಹೋಗಿ ಬಂದೆ. ಬೀರೂರಿನಲ್ಲಿ ಗಾಡಿ ಬದಲಿಸಿ, ಇಡೀ ದಿನ ಹಾಳು. ಅಮಲ್ದಾರರು ಸರ್ಕೀಟಿನಲ್ಲಿದ್ದಾರೆ, ಬರುವುದು ಮುಂದಿನ ವಾರವಂತೆ. ಅರ್ಜಿ ಕೊಟ್ಟೆ. ಮುಂದಿನ ವಾರದ ಹೊತ್ತಿಗೆ ಪಳನಿಯ ಹೊಲ ಇಟ್ಟಿಗೆಯಾಗಿರುತ್ತದೆ.

ಬರುವಾಗ ಸ್ಟೇಷನ್ನಿನಿಂದ ಅವರ ಗುಡಿಸಲಿಗೆ ಹೋದೆ. ಪಳನಿ ಗೋಡೆಗೆ ಮುಖ ಮಾಡಿ ಮಲಗಿದ್ದ. ಇನ್ನು ಸೇಲಂಗೆ ಹೊರಟುಬಿಡೋಣ ಅನ್ನುತ್ತಾನೆ. ಅಲ್ಲಿ ಏನಿದೆ ಅಂದರೆ ಕಂಬಳಿ ಎಳೆದುಕೊಂಡ. ಅಂಬಮ್ಮ ಸುಮ್ಮನೆ ರಾಗಿ ಕೇರುತ್ತಿದ್ದಳು. ಬಿತ್ತನೆ ರಾಗಿ. ಯಾವ ಹೊಲಕ್ಕೆ ಅಂತ ಕೇಳಲು ನನಗೆ ಧೈರ್ಯ ಬರಲಿಲ್ಲ.

೯ ಜೂನ್, ಭಾನುವಾರ

ನಿನ್ನೆ ಒಂದು ಸೋನೆ. ಹದ ಇನ್ನೂ ಜೀವ ಹಿಡಿದಿದೆ. ನಾಳೆ ಒಂದು ದಿನ, ಹೆಚ್ಚೆಂದರೆ.

ಬೆಳಗಿನಿಂದ ಯೋಚಿಸುತ್ತಿದ್ದೇನೆ. ನಾಳೆ ಸೋಮವಾರ. ನನ್ನ ಎತ್ತನ್ನು ನಾನು ಹೂಡಲಾರೆ. ಪಟೇಲನ ಹೆದರಿಕೆಗಲ್ಲ. ಅದು ನನ್ನಿಂದ ಆಗದು, ಕೈ ಬರುವುದಿಲ್ಲ. ಬಸವಣ್ಣನ ಮೇಲೆ ನನಗೇನು ಸಿಟ್ಟು?

ಆದರೆ ಬಿಡುವು ಎತ್ತಿನ ಹೆಗಲಿಗೆ. ನನ್ನ ಹೆಗಲಿಗೆ ಯಾವ ದೇವರೂ ಬಿಡುವು ಕೊಟ್ಟಿಲ್ಲ. ಬದುವಿನೊಳಗೆ ಎತ್ತು ಕಾಲಿಡಬಾರದು ಅಂದ. ಮನುಷ್ಯ ಕಾಲಿಡಬಾರದು ಅನ್ನಲಿಲ್ಲ.

೧೦ ಜೂನ್, ಸೋಮವಾರ, ದೀಪ ಹಚ್ಚಿದ ಮೇಲೆ

ಹೆಗಲ ಚರ್ಮ ಸುಲಿದಿದೆ. ಬರೆಯಲು ತೋಳು ಏಳುತ್ತಿಲ್ಲ. ಬರೆಯುತ್ತೇನೆ.

ಬೆಳಕಿಗೆ ಮುಂಚೆ ನಮ್ಮ ಬಿತ್ತನೆ ಕೂರಿಗೆ ಹೊತ್ತುಕೊಂಡು ಹೋದೆ. ಪಳನಿಯನ್ನು ಎಬ್ಬಿಸಿದೆ. ನೊಗಕ್ಕೆ ನಾನು ಒಂದು ಕಡೆ, ಅವನು ಒಂದು ಕಡೆ. ಹಿಂದೆ ಕೂರಿಗೆ ಹಿಡಿಯಲು ಅಂಬಮ್ಮ. ಮೊದಲ ಸಾಲು ಎಳೆದಾಗ ಕಣ್ಣಿಗೆ ಕತ್ತಲೆ ಕಟ್ಟಿತು. ಐವತ್ತೈದು ದಾಟಿದ ಮೈ. ಎರಡನೆಯ ಸಾಲಿಗೆ ಸಿಟ್ಟೇ ಎಳೆಯಿತು. ಒಂದು ಹೆಜ್ಜೆ ಚನ್ನಬಸಪ್ಪನಿಗೆ, ಒಂದು ಹೆಜ್ಜೆ ರಂಗಪ್ಪನಿಗೆ, ಒಂದು ನಕ್ಕವರಿಗೆ. ಎಲ್ಲರನ್ನೂ ಬೈದುಕೊಂಡೇ ಎಳೆದೆ.

ಬಿಸಿಲೇರಿತು. ಬದುವಿನ ಮೇಲೆ ಜನ ಸೇರಿತು. ಯಾರೂ ನಗಲಿಲ್ಲ. ಯಾರೂ ಇಳಿದು ಬರಲೂ ಇಲ್ಲ. ರಂಗಪ್ಪ ನಿಂತಿದ್ದ, ಕೈ ಕಟ್ಟಿಕೊಂಡು.

ಅವನ ಪಕ್ಕದಿಂದಲೇ ಪಾಪಮ್ಮ ಬಂದಳು. ಸೆರಗು ಬಿಗಿದು ಸೀದಾ ಹೊಲಕ್ಕೆ ಇಳಿದಳು. "ಬೀಜ ಹಾಕೋಕೆ ಒಬ್ರೂ ಇಲ್ದೆ ಎಂಥ ಬಿತ್ತನೆ ನಿಮ್ದು? ಆ ಹುಡ್ಗಿ ಕೂರಿಗೆ ಹಿಡೀಲೋ, ಬೀಜ ಬಿಡ್ಲೋ? ಒಂದೇ ಕಡೆ ಸುರೀತಾಳೆ, ತನ್ನಿ ಇಲ್ಲಿ!"

"ಅಕ್ಕ, ಮೇಲಕ್ ಬಾ. ಊರು ನೋಡ್ತದೆ" ಅಂದ ರಂಗಪ್ಪ.

"ನೋಡ್ಲಿ ಬಿಡು. ಕಣ್ಣಿರೋದು ನೋಡಕ್ಕೆ ತಾನೇ. ಅವತ್ತು ನೀನೂ ನೋಡಿದ್ಯಲ್ಲ!"

ಸಂಜೆಗೆ ಹೊಲ ಮುಗಿಯಿತು. ಪಳನಿ ನೊಗ ಇಳಿಸಿ ಅಲ್ಲೇ ಮಣ್ಣಿನ ಮೇಲೆ ಕುಳಿತು ದೊಡ್ಡ ದನಿಯಲ್ಲಿ ಅತ್ತುಬಿಟ್ಟ. ಬಿತ್ತಿ ಆಯಿತು. ಷರತ್ತು ತೀರಿತು. ಇನ್ನು ಹೊಲ ಬಿಡಿಸು ನೋಡೋಣ ಚನ್ನಬಸಪ್ಪ.

೧೧ ಜೂನ್, ಮಂಗಳವಾರ

ಹೊಲ ಬಿಡಿಸಲಾರ. ಅದಕ್ಕೆ ನನ್ನನ್ನು ಹಿಡಿದ.

ತಳವಾರ ಬಂದು ಬಾಗಿಲಲ್ಲಿ ಸಾರಿ ಹೋದ. ನಮ್ಮ ಮನೆಗೂ ಊರ ಬೆಂಕಿ ಇಲ್ಲ, ನೀರಿಲ್ಲ, ಅಂಗಡಿ ಇಲ್ಲ. ಎಷ್ಟು ದಿನ ಅಂತ ಹೇಳಲಿಲ್ಲ. ನಮ್ಮಪ್ಪ ಕಲ್ಲು ಹೊತ್ತು ಕಟ್ಟಿಸಿದ ಬಾವಿ! ಪಾಪಮ್ಮ ಬಿಂದಿಗೆ ಹೊತ್ತು ಹೋದಳು. ಹೆಂಗಸರು ಹಗ್ಗ ಎಳೆದುಕೊಂಡರಂತೆ. ಕೆಂಚಮ್ಮ ಬೆನ್ನು ತಿರುಗಿಸಿದಳಂತೆ. ಖಾಲಿ ಬಿಂದಿಗೆ ತಂದು ಮೂಲೆಯಲ್ಲಿಟ್ಟು ಕುಳಿತವಳು ಏಳಲೇ ಇಲ್ಲ.

ಚಾವಡಿಗೆ ಹೋಗಿ ಕೂಗಾಡಿ ಬಂದೆ. ಕಂಬಗಳ ಮುಂದೆ ಕೂಗಾಡಿದಂತೆ. ಒಬ್ಬನೂ ಬಾಯಿ ಬಿಡಲಿಲ್ಲ. ಬೈದರೂ ಸಹಿಸುತ್ತಿದ್ದೆ.

೧೨ ಜೂನ್, ಬುಧವಾರ

ಬೆಳಿಗ್ಗೆ ಅಂಬಮ್ಮ ಬಂದಳು. ತಲೆಯ ಮೇಲೆ ನೀರಿನ ಕೊಡ, ಕೈಯಲ್ಲಿ ಬೂದಿ ಮುಚ್ಚಿದ ಕೆಂಡದ ಮಡಕೆ. ಹಿತ್ತಿಲ ಬಾಗಿಲಿಂದ ಬಂದಳು. ಒಲೆ ಹಚ್ಚಿಕೊಟ್ಟಳು. ಆಮೇಲೆ ಪಾಪಮ್ಮನ ಮುಂದೆ ಕುಳಿತು ನನಗೆ ಹೇಳತೊಡಗಿದಳು, ನಿಧಾನವಾಗಿ, ನನ್ನ ಅರವಕ್ಕೆ ತಕ್ಕ ಹಾಗೆ.

ಬಾವಿಯ ಕಡೆ ಹೋಗಬೇಡಿ. ಹಳ್ಳದ ಹೊಂಗೆ ಮರದ ಕೆಳಗೆ ಮರಳು ತೋಡಿ. ಮೊದಲು ಬರುವ ನೀರು ಬಗ್ಗಡ, ಅದನ್ನು ಚೆಲ್ಲಿ, ತಿಳಿಯಾಗುವ ತನಕ ಕಾಯಿರಿ. ಕೆಂಡವನ್ನು ರಾತ್ರಿ ಬೂದಿಯಲ್ಲಿ ಹೂಳಿಡಿ, ಆರಲು ಬಿಡಬೇಡಿ. ಉಪ್ಪು ಸ್ಟೇಷನ್ನಿನ ಹತ್ತಿರ ಸಿಗುತ್ತದೆ. ಅಲ್ಲಿ ಬರುವವರೆಲ್ಲ ಬೇರೆ ಊರವರು, ಯಾರು ಏನು ಅಂತ ಕೇಳುವುದಿಲ್ಲ.

ನಾನು ಒಂದೊಂದನ್ನೇ ಕನ್ನಡದಲ್ಲಿ ಪಾಪಮ್ಮನಿಗೆ ಹೇಳಿದೆ. ನನ್ನೂರಲ್ಲಿ ಹೇಗೆ ಬದುಕಬೇಕು ಅಂತ ಸೇಲಂನವಳು ಹೇಳಿಕೊಡುತ್ತಿದ್ದಾಳೆ. ಸಿಟ್ಟು ಬಂತು. ಅವಳ ಮೇಲಲ್ಲ. ಯಾರ ಮೇಲೆ ಅಂತ ಹೇಳುತ್ತ ಹೋದರೆ ಊರೆಲ್ಲ ಬರೆಯಬೇಕಾಗುತ್ತದೆ.

ಕೊನೆಗೆ ಅವಳು ಅಂದಳು — ದಾರಿಯಲ್ಲಿ ಪರಿಚಯದವರು ಎದುರು ಬಂದರೆ, ಅವರು ಮುಖ ತಿರುಗಿಸುವ ಮುಂಚೆ ನೀವೇ ತಿರುಗಿಸಿಬಿಡಿ. ಆಗ ನೋವು ಕಡಿಮೆ.

ಪಾಪಮ್ಮನಿಗೆ ಹೇಳಿದೆ. ಅವಳು ಒಲೆಯ ಕಡೆಯೇ ನೋಡುತ್ತಿದ್ದಳು. ಒಂದು ಸೌದೆ ಒಳಗೆ ತಳ್ಳಿ ಅಂದಳು:

"ನನ್ ತಮ್ಮ ಎದುರಿಗ್ ಬಂದ್ರೂನಾ? ಕೇಳ್ರಿ ಅವ್ಳನ್ನ."

ಅಂಬಮ್ಮನಿಗೆ ಕನ್ನಡ ಅರ್ಥವಾಗಲಿಲ್ಲ. ಏನು ಕೇಳಿದರು ಅಂತ ನನ್ನ ಮುಖ ನೋಡಿದಳು. ಇದನ್ನು ನಾನು ಯಾವ ಬಾಯಿಂದ ಅರವದಲ್ಲಿ ಕೇಳಲಿ?